ಬಾಯಲ್ಲೇ ಊದಿದ ವಿಷಲ್

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ಸಂಜೆ ನನ್ನ ಕಾಲಿಗೆ ಒಂದು ಫುಟ್‌ಬಾಲ್ ಬಂದು ತಾಗಿತು. ಮಧುವನಹಳ್ಳಿಯಲ್ಲಿ ಹತ್ತಿದ ಐದಾರು ಹುಡುಗರದು. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ಸೀಟಿನಡಿ ಉರುಳಿ ಮುಂದಕ್ಕೆ ಹೋಗುತ್ತಿತ್ತು, ಹೊರಟಾಗ ಹಿಂದಕ್ಕೆ ಬರುತ್ತಿತ್ತು. ನಾನು ಅದನ್ನು ಪಾದದಲ್ಲಿ ತಡೆದು ಹಿಡಿದೆ. ಜೀವನದಲ್ಲಿ ನಾನು ಸಲೀಸಾಗಿ ತಡೆದ ಚೆಂಡು ಅದೊಂದೇ ಇರಬೇಕು. ಹೈಸ್ಕೂಲಿನಲ್ಲಿ ನಾನು ಗೋಲ್‌ಕೀಪರ್ ಆಗಿದ್ದೆ.

"ಯಾರ್ಲಾ ನಿಮ್ಗೆ ಕಲ್ಸೋರು?" ಎಂದೆ, ಸುಮ್ಮನೆ ಮಾತಿಗೆ.

"ಮಾದೇಸಣ್ಣ ಸಾ. ಹನೂರಲ್ಲಿ ಬೈಕ್ ರಿಪೇರಿ ಮಾಡ್ತಾರಲ್ಲ, ಅವ್ರು."

ಹನೂರಿನ ಬೀದಿಯಲ್ಲಿ ನಿಂತು ಮಾದೇಶ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ. ಆದರೆ ಫುಟ್‌ಬಾಲ್ ಕಲಿಸುವ ಮಾದೇಶ ಅಲ್ಲಿ ಒಬ್ಬನೇ ಇರಲು ಸಾಧ್ಯ. ನಾನು ಚೆಂಡನ್ನು ಹುಡುಗನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ಕುಳಿತೆ.

ನನ್ನ ಕಸುಬು ಏನೆಂದು ನಿಮಗೆ ಹೇಳಬೇಕು. ಹಗಲು ಕೊಳ್ಳೇಗಾಲದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ಮದುವೆ, ಆರತಕ್ಷತೆ ಇದ್ದರೆ ಆರ್ಕೆಸ್ಟ್ರಾದವರ ಜೊತೆ ಮಿಮಿಕ್ರಿ. ಗಾಯಕಿ ನೀರು ಕುಡಿದು ಬರುವ ತನಕ ಜನ ಊಟದ ಹಾಲಿಗೆ ಎದ್ದು ಹೋಗದಂತೆ ಹಿಡಿದಿಡುವುದು ನನ್ನ ಕಲೆಯ ಪರಮ ಗುರಿ. ಮೊನ್ನೆ ಹನೂರಿಗೆ ಹೊರಟದ್ದೂ ಅದಕ್ಕೇ. ನಮ್ಮವ್ವನಿಗೆ ಈ ವಿದ್ಯೆಯ ಬಗ್ಗೆ ಅಂಥ ಗೌರವವೇನಿಲ್ಲ. "ಎಲ್ರ ದನಿ ತಗೀತೀಯ, ನಿಂದು ಅಂತ ಒಂದು ದನಿ ಅದಾ ಇಲ್ವಾ ನೋಡ್ಕಳ್ಲಾ" ಎನ್ನುತ್ತಾಳೆ. ಇದನ್ನೂ ನಾನು ಅವಳ ದನಿಯಲ್ಲೇ ಅಕ್ಕಪಕ್ಕದವರಿಗೆ ಹೇಳಿ ನಗಿಸಿದ್ದೇನೆ.

ಚಾಳಿ ಶುರುವಾದದ್ದು ಹೈಸ್ಕೂಲಿನಲ್ಲಿ. ಹೆಡ್‌ಮಾಸ್ಟರು ಮಾತಿಗೆ ಮುಂಚೆ ಗಂಟಲು ಸರಿಮಾಡುವ ರೀತಿ, ಗಣಿತದ ಮೇಡಂ ಸೀಮೆಸುಣ್ಣ ಮುರಿದಾಗ ಹಾಕುವ ನಿಟ್ಟುಸಿರು, ಯಾವುದನ್ನೂ ಬಿಟ್ಟವನಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಬರುತ್ತಿದ್ದುದು ನಮ್ಮ ಪಿ.ಟಿ. ಮೇಷ್ಟ್ರ ವಿಷಲ್. ಒಳಗೆ ಕಾಳು ಉರುಳುವ ಆ ನಡುಕದ ಸದ್ದಿಗಾಗಿ ನಾಲಿಗೆಯನ್ನು ಮಡಚಿ ಹಲ್ಲಿನ ಹಿಂದೆ ಒತ್ತಿ ಊದಬೇಕು. ಸ್ವಲ್ಪ ಎಂಜಲು ಹಾರುತ್ತದೆ, ಅಷ್ಟು ಬಿಟ್ಟರೆ ಅಸಲಿಗೂ ನಕಲಿಗೂ ವ್ಯತ್ಯಾಸವಿರಲಿಲ್ಲ. ಅಭ್ಯಾಸದ ಹೊತ್ತಿನಲ್ಲಿ ನಾನು ಹೀಗೆ ಊದಿ ಊದಿ ನಮ್ಮ ಹುಡುಗರು ಬೇಸತ್ತಿದ್ದರು. ಕೊನೆಗೆ ಗೋಲಿನ ಕಡೆಯಿಂದ ಬಂದ ಯಾವ ವಿಷಲ್ಲಿಗೂ ಅವರು ನಿಲ್ಲುವುದನ್ನೇ ಬಿಟ್ಟರು. ಈ ಮಾತು ನೆನಪಿಟ್ಟುಕೊಳ್ಳಿ.

ನಮ್ಮ ಸುತ್ತಿನಲ್ಲಿ ಆಟವೆಂದರೆ ಕಬಡ್ಡಿ, ವಾಲಿಬಾಲ್. ಫುಟ್‌ಬಾಲ್ ತಂಡ ಕಟ್ಟಿದ್ದ ಶಾಲೆಗಳು ನಾನು ಹತ್ತನೇ ತರಗತಿಯಲ್ಲಿದ್ದ ವರ್ಷ ಮೂರೇ: ಕೊಳ್ಳೇಗಾಲದ ನಮ್ಮದು, ಹನೂರಿನದೊಂದು, ಯಳಂದೂರಿನದೊಂದು. ಶಾಲೆಗಳ ಪಂದ್ಯಾವಳಿಗೆ ಚೀಟಿ ಎತ್ತಿದಾಗ ನಮಗೆ ಮೊದಲ ಪಂದ್ಯವೇ ಇಲ್ಲ ಎಂದಾಯಿತು. ಹನೂರಿನವರು ಯಳಂದೂರನ್ನು ಸೋಲಿಸಿ ಬಂದರು. ನಾವು ಬೆಂಚಿನ ಮೇಲೆ ಕುಳಿತು ಪುರಿ ತಿಂದು ಫೈನಲ್ ತಲುಪಿದೆವು. ಪಂದ್ಯ ಯಳಂದೂರಿನ ಮೈದಾನದಲ್ಲಿ, ರೆಫ್ರಿ ಅಲ್ಲಿಯ ಪಿ.ಟಿ. ಮೇಷ್ಟ್ರು, ಗೆದ್ದವರು ಚಾಮರಾಜನಗರಕ್ಕೆ, ಜಿಲ್ಲಾ ಮಟ್ಟಕ್ಕೆ.

ಮೂರೂ ಊರಿನ ಪಿ.ಟಿ. ಮೇಷ್ಟ್ರುಗಳು ತಮ್ಮತಮ್ಮಲ್ಲೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಕಟ್ಟು. ಮೈದಾನಕ್ಕಿಳಿಯುವ ಒಬ್ಬನಿಗೆ ಶೂ ಇಲ್ಲದಿದ್ದರೂ ಇಪ್ಪತ್ತೆರಡು ಜನವೂ ಬರಿಗಾಲಲ್ಲಿ ಆಡಬೇಕು. ಆ ದಿನ ಹನೂರಿನ ನಾಲ್ವರಿಗೆ ಶೂ ಇರಲಿಲ್ಲ. ನಾವೆಲ್ಲ ಬೇವಿನ ಮರದ ಕೆಳಗೆ ಕುಳಿತು ಲೇಸು ಬಿಚ್ಚತೊಡಗಿದೆವು. ನನ್ನದು ಹೊಸ ಶೂ. ಬಿಚ್ಚಲು ಮನಸ್ಸಿಲ್ಲ.

"ಏನ್ಲಾ, ಶೂ ಬಿಚ್ಚಕ್ಕೇ ಅಳ್ತಿದ್ದೀಯ" ಎಂದು ಪಕ್ಕದಲ್ಲಿ ಕುಳಿತವನೇ ಮಾದೇಶ, ಹನೂರಿನ ಮುಂಚೂಣಿ ಆಟಗಾರ. ಅವನ ಕಾಲು ಮೊದಲೇ ಬರಿದು.

"ಕಳ್ದೋದ್ರೆ ನಮ್ಮಪ್ಪ ಬುಡಲ್ಲ ಕಣ್ಲಾ."

"ಯಾರೂ ಮುಟ್ಟಲ್ಲ ಬುಡು. ನಿನ್ ಕಾಲಿನ ಸೈಜು ಮೂರೂರಲ್ಲಿ ಯಾರ್ಗೂ ಇಲ್ಲ." ಆಮೇಲೆ, ಹುಲ್ಲು ಕೀಳುತ್ತ, ಗುಟ್ಟು ಹೇಳುವವನಂತೆ ಹೇಳಿದ: "ಇವತ್ತು ಗೆದ್ರೆ ಚಾಮ್ರಾಜ್ನಗರಕ್ಕೆ ಓಯ್ತೀನಿ. ಅಲ್ಗೆ ಸ್ಪೋರ್ಟ್ಸ್ ಹಾಸ್ಟೆಲ್ನೋರು ಬತ್ತಾರಂತೆ. ಆಟ ನೋಡಿ ಆರಿಸ್ಕತಾರಂತೆ. ನಮ್ ಮೇಷ್ಟ್ರು ಏಳವ್ರೆ, ಒಂದ್ಸಲ ಅವ್ರ ಕಣ್ಗೆ ಬಿದ್ರೆ ಸಾಕು ಅಂತ. ಮುಂದಿನ ವರ್ಸ ಅಂದ್ರೆ ನಾನು ಸ್ಕೂಲಲ್ಲೇ ಇರಲ್ವಲ್ಲ."

"ಗೆದ್ರೆ ತಾನೇ" ಎಂದೆ, ಅವನದೇ ದನಿಯಲ್ಲಿ. ಅವನು ಬಿದ್ದು ಬಿದ್ದು ನಕ್ಕ. ತನ್ನ ದನಿಯನ್ನು ಬೇರೆಯವರ ಬಾಯಲ್ಲಿ ಕೇಳಿ ಅಷ್ಟು ಸಂತೋಷಪಟ್ಟವರನ್ನು ನಾನು ಮತ್ತೆ ಕಂಡಿಲ್ಲ.

ಪಂದ್ಯದ ಕೊನೆಯ ನಿಮಿಷಗಳ ತನಕ ಎರಡೂ ಕಡೆ ಗೋಲಿಲ್ಲ. ಯಳಂದೂರಿನ ಹುಡುಗರು ಗೆರೆಯಾಚೆ ತಗಡಿನ ಡಬ್ಬ ಬಡಿಯುತ್ತಿದ್ದರು. ಅಷ್ಟರಲ್ಲಿ ಮಾದೇಶ ನಮ್ಮ ಇಬ್ಬರನ್ನು ದಾಟಿ ಚೆಂಡಿನೊಡನೆ ನನ್ನೆದುರಿಗೆ ಬಂದ. ನಡುವೆ ಯಾರೂ ಇಲ್ಲ. ಆ ಹೊತ್ತಿನಲ್ಲಿ ನಾಲಿಗೆ ತಾನಾಗಿಯೇ ಮಡಚಿಕೊಂಡಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ನಾಲಿಗೆ ತಾನಾಗಿ ಮಡಚುವುದಿಲ್ಲ. ನಾನೇ ಮಡಚಿದೆ. ಊದಿದೆ.

ಮಾದೇಶ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟ. ಅವನು ನಿಂತದ್ದನ್ನು ಕಂಡು, ಡಬ್ಬದ ಗದ್ದಲದಲ್ಲಿ ಏನೂ ಕೇಳಿಸದ ಅವನ ತಂಡದವರೂ ನಿಂತರು. ನಮ್ಮವರು ಮಾತ್ರ ನಿಲ್ಲಲಿಲ್ಲ. ಯಾಕೆಂದು ನಿಮಗೆ ಗೊತ್ತು. ನಮ್ಮ ಪುಟ್ಟಸ್ವಾಮಿ ಆ ಕಾಲಡಿಯಿಂದ ಚೆಂಡನ್ನು ಎಳೆದುಕೊಂಡು ಮೈದಾನದುದ್ದಕ್ಕೂ ಓಡಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಅವರ ಗೋಲ್‌ಕೀಪರನ ಪಕ್ಕದಿಂದಲೇ ಗೋಲಿಗೆ ಒದ್ದ.

"ಯಾಕ್ಲಾ ನಿಂತೆ?" ರೆಫ್ರಿ ಮೇಷ್ಟ್ರು ಕೇಳಿದರು.

"ವಿಸಲ್ಲು ಕೇಳುಸ್ತು ಸಾ."

"ನಾನು ಊದೇ ಇಲ್ವಲ್ಲಪ್ಪ. ನೋಡು, ಕೈಲೇ ಅದೆ."

ಮಾದೇಶ ನನ್ನ ಕಡೆ ತಿರುಗಿದ. ನನ್ನಷ್ಟು ಹತ್ತಿರ ಅವನಿಗೆ ಬೇರೆ ಯಾರೂ ಇರಲಿಲ್ಲ. "ನಿಂಗೆ ಕೇಳಿಸ್ನಿಲ್ವೇನ್ಲಾ?"

"ಇಲ್ವಲ್ಲ" ಎಂದೆ.

ಗೋಲು ಗೋಲೇ ಎಂದಾಯಿತು. "ನೀನ್ ನಿಂತೆ ಅಂತ ನಾವು ನಿಂತ್ವಿ, ಕಿವುಡ್ ನನ್ಮಗ್ನೆ" ಎಂದು ಅವನ ತಂಡದವರು ಅವನನ್ನು ಬೇವಿನ ಮರದ ತನಕ ಬೈಯುತ್ತಲೇ ಹೋದರು. ಕಾಲಿಗೆ ಕಾಲು ಸರಿಸಮ ಇರಬೇಕೆಂದು ಹದಿನೆಂಟು ಜೊತೆ ಶೂ ಬಿಚ್ಚಿಸಿ ರಾಶಿ ಹಾಕಿದ್ದ ಮರ ಅದು. ಬಾಯಿಗೂ ಏನಾದರೂ ಕಟ್ಟು ಬೇಕಾದೀತೆಂದು ಯಾರಿಗೂ ಹೊಳೆದಿರಲಿಲ್ಲ.

ಹಿಂತಿರುಗುವಾಗ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ನಮ್ಮ ಪಿ.ಟಿ. ಮೇಷ್ಟ್ರು ಬಂದು ನನ್ನ ಪಕ್ಕ ಕುಳಿತರು. ತುಂಬ ಹೊತ್ತು ವಿಷಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. "ನನ್ನಂಗೇ ಊದ್ತೀಯ ಕಣ್ಲಾ" ಎಂದರು. ಇನ್ನೇನು ಬೀಳುತ್ತದೆ ಎಂದು ಕೆನ್ನೆ ಬಿಗಿಹಿಡಿದೆ. "ಇಷ್ಟು ವರ್ಷದಲ್ಲಿ ಒಂದು ತಂಡಾನೂ ಜಿಲ್ಲೆಗೆ ಕರ್ಕೊಂಡು ಹೋಗಿರ್ನಿಲ್ಲ ನಾನು" ಎಂದು ಕಿಟಕಿಯಾಚೆ ನೋಡಿದರು. ಅಷ್ಟೇ. ಅವರ ಕೆಮ್ಮು, ನಡಿಗೆ, ಬೈಗುಳ ಎಲ್ಲವೂ ನನಗೆ ಬರುತ್ತವೆ. ಆ ಒಂದು ವಾಕ್ಯವನ್ನು ಅವರಂತೆ ಹೇಳಲು ಇವತ್ತಿಗೂ ಬಂದಿಲ್ಲ.

ಚಾಮರಾಜನಗರದಲ್ಲಿ ನಾವು ಏಳು ಗೋಲು ತಿಂದೆವು. ಊದುವುದಕ್ಕೆ ನನಗೆ ಪುರಸೊತ್ತೇ ಸಿಗಲಿಲ್ಲ. ಹಾಸ್ಟೆಲ್ಲಿನವರು ನಿಜವಾಗಿ ಬಂದಿದ್ದರು. ಇಬ್ಬರು, ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು. ನಮ್ಮ ಆಟದುದ್ದಕ್ಕೂ ಅವರ ಪೆನ್ನಿನ ಮುಚ್ಚಳ ತೆರೆಯಲಿಲ್ಲ. ನಾನು ಚೆಂಡಿಗಿಂತ ಹೆಚ್ಚಾಗಿ ಆ ಪೆನ್ನನ್ನೇ ನೋಡುತ್ತಿದ್ದೆ.

ಇದೆಲ್ಲ ಆಗಿ ಎಂಟು ವರ್ಷ. ಮೊನ್ನೆ ಹನೂರಿನಲ್ಲಿ ಇಳಿದಾಗ ಕಾರ್ಯಕ್ರಮಕ್ಕೆ ಇನ್ನೂ ಎರಡು ಗಂಟೆ ಇತ್ತು. ಹುಡುಗರ ಹಿಂದೆಯೇ ಮೈದಾನಕ್ಕೆ ನಡೆದೆ. ಮಾದೇಶ ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತಿದ್ದ. ನನ್ನ ಮುಖಕ್ಕಿಂತ ಮೊದಲು ಕಾಲು ನೋಡಿ ಗುರುತು ಹಿಡಿದ. "ಅದೇ ಸೈಜು" ಎಂದ.

ಹುಡುಗರು ಆಡಲು ಇಳಿಯುವಾಗ ಅವನು ಕೂಗಿ ಹೇಳಿದ ಮಾತು ಇದು: "ವಿಸಲ್ಲು ಕೇಳುಸ್ತು ಅಂತ ನಿಲ್ಬ್ಯಾಡ್ರುಲಾ. ಊದೋರ ಕೈ ನೋಡಿ. ಕಿವಿ ನಂಬ್ಬ್ಯಾಡಿ."

"ಅದ್ಯಾಕೆ ಅಂಗೇಳ್ತೀಯ?" ಎಂದೆ, ಗೊತ್ತಿದ್ದೂ.

"ಯಳಂದೂರು ಮರ್ತೋಯ್ತಾ? ನಮ್ಮೋರು ಇವತ್ಗೂ ಕಿವುಡ ಅಂತ್ಲೇ ಕರೀತಾರೆ. ಡಾಕ್ಟ್ರಿಗೂ ತೋರಿಸ್ದೆ ಕಣಪ್ಪ. ಸರಿಯಾಗೇ ಅದೆ ಅಂದ್ರು. ಇಲ್ದೇ ಇರೋದು ಕೇಳಿಸ್ತದಲ್ಲ, ಅದ್ಕೇನು ಔಸ್ದಿ ಕೊಟ್ಟಾರು."

ಅವನು ನಗುತ್ತಲೇ ಹೇಳಿದ. ನನಗೆ ಮಾತ್ರ ನಗಲು ಆಗಲಿಲ್ಲ. ನಾನು ತಪ್ಪಿಸಿದ್ದು ಅವನ ಹಾಸ್ಟೆಲ್ಲನ್ನು ಮಾತ್ರ ಎಂದು ಅಳೆದುಕೊಂಡಿದ್ದೆ. ಕಿವಿಯ ಲೆಕ್ಕ ನನಗೆ ಗೊತ್ತೇ ಇರಲಿಲ್ಲ.

"ಮಾದೇಶ, ಅವತ್ತು ಊದಿದ್ದು ನಾನು. ಬಾಯಲ್ಲಿ."

"ತಮಾಸೆ ಮಾಡ್ಬ್ಯಾಡ. ನಿನ್ ಬುದ್ಧಿ ಗೊತ್ತಿಲ್ವಾ."

ನನ್ನಂಥವನ ಮಾತಿಗೆ ಇರುವ ಬೆಲೆ ಇಷ್ಟು. ಬೇರೆ ದಾರಿಯಿಲ್ಲದೆ ನಾಲಿಗೆ ಮಡಚಿ ಊದಿದೆ. ಮೈದಾನದಲ್ಲಿ ಒಬ್ಬ ಹುಡುಗನೂ ನಿಲ್ಲಲಿಲ್ಲ. ಕಲಿಸಿದ ಪಾಠವನ್ನು ಚೆನ್ನಾಗಿ ಕಲಿತಿದ್ದರು. ಮಾದೇಶನ ಕೈ ಮಾತ್ರ ಬಟ್ಟೆಯ ಮೇಲೆ ನಿಂತಿತು.

"ಅಂಗಾರೆ ಕೇಳುಸಿತ್ತು" ಎಂದ. ಇನ್ನೊಮ್ಮೆ, ತನಗೇ: "ಕೇಳುಸಿತ್ತು ನಂಗೆ."

ಹೊಡೆಯುತ್ತಾನೇನೋ ಎಂದುಕೊಂಡೆ. ಹೊಡೆದಿದ್ದರೆ ನನಗೆ ಸುಲಭವಿತ್ತು. ಅವನು ಹುಡುಗರನ್ನೆಲ್ಲ ಕರೆದ. "ಲೇ, ಆಗ್ಲೇ ಏಳಿದ್ದು ತಪ್ಪು. ವಿಸಲ್ಲು ಕೇಳುದ್ರೆ ನಿಲ್ಬೇಕು."

"ಇಷ್ಟ್ ದಿನ ನಿಲ್ಬ್ಯಾಡಿ ಅಂತಿದ್ರಲ್ಲಣ್ಣ?"

"ಇಷ್ಟ್ ದಿನ ನನ್ ಕಿವಿ ಸರಿಯಿಲ್ಲ ಅನ್ಕಂಡಿದ್ದೆ."

ಹುಡುಗರು ಅವನನ್ನೂ ನನ್ನನ್ನೂ ನೋಡಿದರು. ನಾನು, ಏನಾದರೊಂದು ಮಾಡಬೇಕಲ್ಲ ಎಂದು, "ರೆಫ್ರಿ ಬೇಕಾದ್ರೆ ನಾನ್ ಇರ್ತೀನಿ" ಎಂದೆ.

"ನೀನು ಬ್ಯಾಡ" ಎಂದು, ಸುಣ್ಣದ ಪುಡಿಯ ಡಬ್ಬ ತಂದು ನನ್ನ ಕೈಗಿಟ್ಟ. "ಗೆರೆ ಎಳಿ."

ಬಗ್ಗಿ ಎಳೆಯುತ್ತ ಹೋದೆ. ಹೊಟ್ಟೆ ಅಡ್ಡ ಬರುತ್ತಿತ್ತು. ಅರ್ಧ ಮೈದಾನ ದಾಟಿ ತಿರುಗಿ ನೋಡಿದರೆ ಅವನು ನನ್ನ ಹಿಂದೆಯೇ ಬರುತ್ತಿದ್ದ, ಸೊಟ್ಟಗಾದ ಕಡೆಯಲ್ಲೆಲ್ಲ ಪಾದದಿಂದ ಒರೆಸಿ ಅಳಿಸುತ್ತ.

"ಇಲ್ಲಿಂದ ತಿರ್ಗ ಎಳಿ" ಎಂದ.