ಉತ್ತರಕ್ಕೆಂದು ಬಿಟ್ಟ ಮೌನ

ಅರಬರ ನಾಡಿನ ಇರ್ಬಿದ್ ಊರಿನ ಗಂಡಸರು ನಾಲ್ಕು ಜನರ ಮುಂದೆ ಹೆತ್ತ ತಾಯಿಯ ಹೆಸರು ಹೇಳುವುದಿಲ್ಲ. ಖಲೀಲ ಎಂಬವನ ತಾಯಿ ಊರಿಗೆಲ್ಲ ಉಮ್ ಖಲೀಲ್, ಖಲೀಲನ ಅಮ್ಮ, ಅಷ್ಟೇ. ಡಾಕ್ಟೋರಾ ರುವೈದಾ ಕಾಲೇಜಿನಲ್ಲಿ ಮಹಿಳಾ ಅಧ್ಯಯನದ ಪಾಠವನ್ನು ತಲೆ ನೆರೆಯುವವರೆಗೂ ಪ್ರತಿವರ್ಷ ಶುರುಮಾಡುತ್ತಿದ್ದುದು ಅಲ್ಲಿಂದಲೇ. "ಎಲ್ಲಿ, ನಿಮ್ಮ ತಾಯಿ ಹೆಸರು ಹೇಳಿ ನೋಡೋಣ!" ಹುಡುಗರ ಕಿವಿ ಕೆಂಪಾಗುತ್ತಿತ್ತು. ಒಬ್ಬನಂತೂ ಎದ್ದು, ಬಾಗಿಲು ದಢಾರನೆ ಬಡಿದು ಹೊರಟುಹೋದ.

ಅವಳು ಮದುವೆಯಾಗಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳನ್ನು ಹೆಸರು ಹಿಡಿದು ಕೂಗುವವರೂ ಇಲ್ಲವಾದರು. ಅಣ್ಣನ ಮಕ್ಕಳಿಗೆ ಅತ್ತೆ, ಮಿಕ್ಕವರಿಗೆಲ್ಲ ಡಾಕ್ಟೋರಾ. ಮುಖ ನೋಡಿ ಮಾತಾಡುವ ಜನ ಸಿಗುತ್ತಿದ್ದದ್ದು ತರಗತಿಯಲ್ಲಿ ಮಾತ್ರ.

ಆಮೇಲೆ ಪಾಠ ಹೆಣೆಯುವ ವಿದ್ಯೆ ಕಲಿತಳು. ದೂರದವರು ಮನೆಯಲ್ಲೇ ಕೂತು ಕಲಿಯಲೆಂದು ಪಾಠವನ್ನು ತುಂಡು ತುಂಡಾಗಿ ರೆಕಾರ್ಡ್ ಮಾಡುವುದು, ಪ್ರಶ್ನೆ ಕೇಳಿ ಉತ್ತರಕ್ಕೆಂದು ಒಂದಿಷ್ಟು ಮೌನ ಬಿಡುವುದು. ಆ ಮೌನದ ಹದ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಡಿಮೆಯಾದರೆ ಜನ ಬಾಯಿ ಬಿಡುವುದಿಲ್ಲ, ಹೆಚ್ಚಾದರೆ ಚಹಾ ಕಾಸಲು ಏಳುತ್ತಾರೆ. ಎಷ್ಟು ಚೆನ್ನಾಗಿ ಮಾಡಿದಳೆಂದರೆ, ಪುಣ್ಯಾತ್ಗಿತ್ತಿ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಳು!

ಡೀನ್ ಕರೆದು ಕಾಫಿ ಕೊಟ್ಟರು. "ಡಾಕ್ಟೋರಾ, ನಿಮ್ಮ ಪಾಠ ತಾನಾಗೇ ಓಡ್ತಾ ಇದೆ. ಇನ್ಯಾಕೆ ಈ ಓಡಾಟ? ಮನೇಲಿ ಹಾಯಾಗಿರಿ."

"ವಾರಕ್ಕೊಂದು ಗಂಟೆ ತರಗತಿ ಉಳಿಸಿಕೊಡಿ. ಒಂದೇ ಗಂಟೆ."

"ಹುಡುಗರು ಬೇಕು ಅಂದ್ರೆ ನಂದೇನು ಅಡ್ಡಿ?"

ಮಾರನೆಯ ದಿನ ತರಗತಿಯಲ್ಲಿ ಕೇಳಿದಳು. "ನಾನು ಬರ್ತಾ ಇರಬೇಕು ಅನ್ನೋರು ಕೈ ಎತ್ತಿ." ಯಾರೂ ಎತ್ತಲಿಲ್ಲ. ರಮ್ಥಾದಿಂದ ಬಸ್ಸಿನಲ್ಲಿ ಬರುವ ಸುಂದುಸ್ ಎಂಬ ಹುಡುಗಿ ಎದ್ದು ನಿಂತಳು.

"ಬೇಜಾರು ಮಾಡ್ಕೋಬೇಡಿ ಡಾಕ್ಟೋರಾ. ರೆಕಾರ್ಡಿಂಗೇ ಚೆನ್ನಾಗಿದೆ. ಅಡುಗೆಮನೇಲಿ ಹಾಕಿದ್ರೆ ನಮ್ಮಮ್ಮನೂ ಮುಲೂಖಿಯಾ ಸೊಪ್ಪು ಬಿಡಿಸ್ತಾ ಪಕ್ಕದಲ್ಲೇ ಕೂರ್ತಾಳೆ. 'ಲೇ, ರುವೈದಾ ಬಂದ್ಲು, ಜೋರಾಗಿ ಇಡೇ' ಅಂತಾಳೆ. ನೀವು ಕೇಳಿದ್ದಕ್ಕೆಲ್ಲ ಅವಳದೇ ಮೊದಲ ಉತ್ತರ. ಮೊನ್ನೆ ಅಜ್ಜಿ ಹೆಸರು ಹೇಳಿ ಅತ್ತೇಬಿಟ್ಲು."

ಎಲ್ಲರೂ ನಕ್ಕರು. ರುವೈದಾಳೂ ನಕ್ಕು, "ಅಮ್ಮನಿಗೆ ಸಲಾಂ ಹೇಳು" ಎಂದಳು. ಯಾರದೋ ಅಡುಗೆಮನೆಯಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುತ್ತಾರೆ, ತಾನು ಮಾತ್ರ ಅಲ್ಲಿಲ್ಲ. ಡೀನ್ ಹತ್ತಿರ ಮತ್ತೆ ಹೋಗಲಿಲ್ಲ.

ಮನೆಗೆ ಬಂದು ಚಹಾ ಮಾಡಿಕೊಂಡು ತನ್ನದೇ ಮೊದಲ ಪಾಠ ಹಾಕಿದಳು.

"ನಿಮ್ಮ ತಾಯಿ ಹೆಸರೇನು?" ತೆರೆಯ ಮೇಲಿನ ರುವೈದಾ ಕೇಳಿದಳು. ಆಮೇಲೆ ಮೌನ.

ಇಷ್ಟು ವರ್ಷ ಎಲ್ಲರನ್ನೂ ಕೇಳಿದ್ದೇ ಬಂತು. ಅವಳನ್ನು ಯಾರೂ ಕೇಳಿರಲಿಲ್ಲ.

"ಫಿದ್ದಾ," ಎಂದಳು.

"ಇನ್ನೊಂದ್ಸಲ, ಜೋರಾಗಿ ಹೇಳಿ."

"ಫಿದ್ದಾ!" ಎಂದು ಕೂಗಿದಳು. ಅಮ್ಮ ಹೇಗಿದ್ದಳು, ತನ್ನನ್ನು ಹೇಗೆ ಕರೆಯುತ್ತಿದ್ದಳು, ಎಲ್ಲ ಹೇಳಬೇಕೆನ್ನಿಸಿತು.

"ಭೇಷ್! ಮುಂದಕ್ಕೆ ಹೋಗೋಣ," ಎಂದಳು ತೆರೆಯ ಮೇಲಿನವಳು. ತಾನೇ ಹದ ನೋಡಿ ಬಿಟ್ಟಿದ್ದ ಮೌನ ರುವೈದಾಳಿಗೇ ಸಾಲಲಿಲ್ಲ.