ಕೇಳಿ ಹಚ್ಚಿದ ಮೀಟರ್

ವಿದ್ಯುತ್ತಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ಒತ್ತಿದರೆ ಹತ್ತುತ್ತದೆ, ಮುಟ್ಟಿದರೆ ಹೊಡೆಯುತ್ತದೆ. ಸಾರ್ವಜನಿಕ ಚರ್ಚೆಗೆ ಇಷ್ಟು ಜ್ಞಾನ ಧಾರಾಳವಾಗಿ ಸಾಕು. ಹೀಗಾಗಿ ಸೋಲಾಪುರದಲ್ಲಿ ಮನೆಮನೆಗೆ ಸ್ಮಾರ್ಟ್ ಮೀಟರ್ ಬರುತ್ತದೆಂಬ ಸುದ್ದಿ ಹಬ್ಬಿದ ಕೂಡಲೇ ನಮ್ಮ ಓಣಿಯ ವಿರೋಧ ಪಕ್ಷದ ನಾಯಕತ್ವ ತಾನಾಗಿಯೇ ನನ್ನ ಪಾಲಿಗೆ ಬಂತು. ನೌಕರಿಯಿಂದ ನಿವೃತ್ತನಾದವನಿಗೆ ಇದಕ್ಕಿಂತ ಒಳ್ಳೆಯ ಹುದ್ದೆ ಯಾವುದಿದೆ?

ಬೆಳಗಿನ ಚಹಾದ ಅಂಗಡಿಯಲ್ಲಿ ದಿನವೂ ವಾದ. ಅದು ಕುದುರೆಯ ಹಾಗೆ ಓಡುತ್ತದೆ ಎಂದು ಒಬ್ಬರು. ನಾವು ಎಷ್ಟೊತ್ತಿಗೆ ಏಳುತ್ತೇವೆ, ಎಷ್ಟೊತ್ತಿಗೆ ಮಲಗುತ್ತೇವೆ ಎಂಬುದೆಲ್ಲ ಅದಕ್ಕೆ ತಿಳಿಯುತ್ತದೆ ಎಂದು ಇನ್ನೊಬ್ಬರು. ನಾನು ಏಳುವ ಹೊತ್ತು ನನ್ನ ಹೆಂಡತಿಯ ಕೃಪೆಯಿಂದ ಇಡೀ ಓಣಿಗೇ ತಿಳಿದಿರುವುದರಿಂದ ಆ ಭಯ ನನಗಿರಲಿಲ್ಲ. ನನ್ನ ವಾದ ಬೇರೆ: ಮನೆಯವರನ್ನು ಕೇಳದೆ ಮನೆಯ ಗೋಡೆಗೆ ಯಾರೂ ಕೈ ಹಚ್ಚಬಾರದು. ಇದನ್ನು ಎಷ್ಟು ಸಲ ಹೇಳಿದೆನೆಂದರೆ ಚಹಾದವನು ನನ್ನನ್ನು ಕಂಡಕೂಡಲೇ ಆ ವಾಕ್ಯವನ್ನು ತಾನೇ ಶುರು ಮಾಡುತ್ತಿದ್ದ. ಅಳತೆಯ ಮೀಟರೂ ನಮ್ಮ ಪದ್ಯದ ಮಾತ್ರೆಯೂ ಒಂದೇ ಬೇರಿನ ಪದಗಳೆಂದು ಬಲ್ಲವರು ಹೇಳುತ್ತಾರೆ. ಪದ್ಯಕ್ಕೂ ಮೀಟರ್ ಉಂಟು, ಕರೆಂಟಿಗೂ ಉಂಟು. ನನ್ನ ಮಾತಿಗೆ ಮಾತ್ರ ಯಾರೂ ಹಚ್ಚಿರಲಿಲ್ಲ.

ನನ್ನ ಖ್ಯಾತಿ ಅಕ್ಕಲಕೋಟಕ್ಕೂ ಮುಟ್ಟಿತು. ಅಲ್ಲಿ ನನ್ನ ತಂಗಿ ಸುಶೀಲಾ ಕಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಹಿಟ್ಟು ನಾದುವುದಕ್ಕೂ ರೊಟ್ಟಿ ಒತ್ತುವುದಕ್ಕೂ ಯಂತ್ರಗಳಿವೆ, ಓಣಿಯ ಹೆಣ್ಣುಮಕ್ಕಳು ಕೆಲಸಕ್ಕೆ ಬರುತ್ತಾರೆ. ಒಂದು ದಿನ ಫೋನ್ ಮಾಡಿದಳು.

"ದಾದಾ, ಇಲ್ಲಿ ಮೀಟರಿಂದು ಮೀಟಿಂಗ್ ಅದ. ಮೊಬೈಲ್‌ದಂಗ ಮೊದಲ ರೊಕ್ಕ ತುಂಬಬೇಕಂತ. ಹಿಟ್ಟು ಅರ್ಧಾ ನಾದಿದಾಗ ರೊಕ್ಕ ತೀರಿತಂದ್ರ ಏನ್ ಮಾಡ್ಲಿ? ಇಷ್ಟು ಮಂದಿ ಹೊಟ್ಟಿ ಈ ಮಷೀನ್ ಮ್ಯಾಗ ಅದ. ನೀ ಬಂದು ಮಾತಾಡು."

ತಂಗಿ ಕರೆದರೆ ಹೋಗದಿರಲಾದೀತೆ? ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್ ಹತ್ತಿದೆ.

ಸಭೆ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆಯ ಛತ್ರದಲ್ಲಿ. ಜನ ಕಿಕ್ಕಿರಿದಿದ್ದರು. ಪಕ್ಕದ ಊರು ಮೈಂದರ್ಗಿಯಿಂದಲೂ ಬಂದಿದ್ದರು. ವಿದ್ಯುತ್ ಕಚೇರಿಯ ಸಾಹೇಬರು ವೇದಿಕೆಯ ಮೇಲೆ ಬೆವರುತ್ತ ಕುಳಿತಿದ್ದರು. ನಾನು ಮೈಕ್ ಹಿಡಿದು ಶುದ್ಧ ಮರಾಠಿಯಲ್ಲಿ ಆರಂಭಿಸಿದೆ. ಮೊದಲ ಚಪ್ಪಾಳೆ ಬಿತ್ತು. ಎರಡನೆಯ ಚಪ್ಪಾಳೆಗಾಗಿ ಧ್ವನಿ ಏರಿಸಿದ ಗಳಿಗೆಗೇ ಮೈಕ್ ಗೊರ್ ಎಂದು ಸತ್ತಿತು, ಫ್ಯಾನುಗಳು ನಿಂತವು.

"ಲಾಯಿಟ್ ಗೇಲಿ!" ಕರೆಂಟು ಹೋಯಿತೆಂದು ಹಿಂದಿನಿಂದ ಯಾರೋ ಮರಾಠಿಯಲ್ಲಿ ಕೂಗಿದರು. ಸಭೆ ಕರೆದದ್ದು ಕರೆಂಟಿನ ಸಲುವಾಗಿ. ಸಭೆಯಿಂದ ಮೊದಲು ಎದ್ದು ಹೋದದ್ದೂ ಅದೇ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರೂ ಕುರ್ಚಿಗಳನ್ನು ಎತ್ತಿಕೊಂಡು ಅಂಗಳದ ಬೇವಿನ ಮರದ ಕೆಳಗೆ ಬಂದೆವು. ಮೈಕ್ ಇಲ್ಲದ್ದರಿಂದ ನಮ್ಮಂಥ ಭಾಷಣಕಾರರು ತಣ್ಣಗಾದೆವು. ಅಷ್ಟರಲ್ಲಿ ಸುಶೀಲಾ ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು.

"ಸಾಹೇಬ್ರ, ನಮ್ಮನ್ಯಾಗ ಎಷ್ಟು ಕರೆಂಟ್ ಉರೀತು ಅಂತ ಈ ಹೊಸ ಮೀಟರ್ ನಿಮ್ಮ ಆಫೀಸಿಗೆ ಹೇಳ್ತದಂತ, ಖರೆ ಏನ್ರಿ?"

"ಖರೆರಿ ಅಕ್ಕಾರ," ಎಂದರು ಸಾಹೇಬರು. ಅವರು ನಮ್ಮ ಸೋಲಾಪುರದ ಕಡೆಯ ಮಂದ್ರೂಪದವರೆಂದು, ಅವರಿಗೂ ಕನ್ನಡ ಬರುತ್ತದೆಂದು ಆಗಲೇ ನಮಗೆ ತಿಳಿದದ್ದು.

"ಕರೆಂಟ್ ಹೋದ್ರೂ ಹೇಳ್ತದೇನ್ರಿ?"

"ಹೇಳ್ತದ್ರಿ."

"ಮತ್ತ ಈಗ ಹೋಗ್ಯದಲ್ರಿ, ಯಾರಿಗೆ ಗೊತ್ತಾಗ್ಯದ?"

ಸಾಹೇಬರು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ, "ನನಗಂತೂ ಗೊತ್ತಾಗ್ಯದ್ರಿ" ಎಂದರು. ಮತ್ತೆ ನಗೆ. ನಕ್ಕ ಮೇಲೆ ಜಗಳ ಎಲ್ಲಿಯದು? ಆಮೇಲೆ ಮಾತು ಸಲೀಸಾಗಿ ಸಾಗಿತು.

"ನನ್ನ ಹಳೇ ಮೀಟರ್ ತೆಗೀಬ್ಯಾಡ್ರಿ. ಅದರ ಬಾಜೂಕ ಹೊಸಾದು ಹಚ್ರಿ. ಒಂದು ತಿಂಗಳು ಎರಡೂ ಓಡ್ಲಿ, ಯಾವುದು ಸುಳ್ಳು ಅಂತ ನೋಡೂಣು," ಎಂದಳು ಸುಶೀಲಾ. ಸಾಹೇಬರು ಒಪ್ಪಿದರು. ನನ್ನ ಭಾಷಣದ ಉಳಿದ ಭಾಗವನ್ನು ಯಾರೂ ಕೇಳಲಿಲ್ಲ.

ಆದರೂ ಗೆದ್ದವನ ಗತ್ತಿನಲ್ಲಿಯೇ ಸಂಜೆ ಸೋಲಾಪುರಕ್ಕೆ ಮರಳಿದೆ. ಮನೆಯ ಮೆಟ್ಟಿಲು ಹತ್ತಿದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ಹೊಚ್ಚ ಹೊಸ ಮೀಟರೊಂದು ನನ್ನನ್ನು ನೋಡಿ ಕೆಂಪಗೆ ಕಣ್ಣು ಮಿಟುಕಿಸುತ್ತಿದೆ! ಒಳಗೆ ನನ್ನ ಹೆಂಡತಿ ಶಾಂತಾ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು.

"ಮನಿಯವರಿಗೆ ಕೇಳದ ಹಚ್ಚಿ ಹೋದ್ರೇನು?" ಎಂದು ಗುಡುಗಿದೆ.

"ಯಾಕ, ಕೇಳಿದ್ರಲ್ಲ. ಪಾಪ, ಬಿಸಲಾಗ ನಿಂತು 'ಆಯೀ, ಬಸವೂ ಕಾ?' ಅಂದ್ರು, ಹಚ್ಚೂಣೇನು ಅಂತ. ಹಚ್ರಪ್ಪಾ ಅಂದೆ."

"ನನಗ ಕೇಳಬೇಕಿತ್ತು!"

ಅವಳು ಒನಕೆ ಕೆಳಗಿಟ್ಟಳು. "ಮನಿಯವರಂದ್ರ ನೀವೊಬ್ಬರೇ ಏನ್ರಿ? ಹಾಲ್‌ಗೆ ಆ ಹಳದಿ ಬಣ್ಣ ಬಳಿಸೂಮುಂದ ನನಗ ಕೇಳಿದ್ರೇನು? ಈ ಮನಿ ಗ್ವಾಡಿಗೆ ಮೊಳಿ ಬಡಿಯೂಮುಂದ ನನಗ ಕೇಳಿದವರು ಈ ಮೀಟರಿನವರೇ ಮೊದಲಿಗರು ನೋಡ್ರಿ."

ನನ್ನ ವಾದವನ್ನು ಇಷ್ಟು ಸಮರ್ಥವಾಗಿ ನಾನೂ ಎಂದೂ ಮಂಡಿಸಿರಲಿಲ್ಲ. ಅವಳು ನಕ್ಕಳು. ಬೇರೆ ದಾರಿ ಕಾಣದೆ ನಾನೂ ನಕ್ಕೆ.

ತಿಂಗಳಾದ ಮೇಲೆ ಸುಶೀಲಾಳ ಫೋನ್ ಬಂತು. "ಎರಡೂ ಮೀಟರ್ ಒಂದ ಹೇಳ್ಯಾವ ದಾದಾ," ಎಂದಳು. ಧ್ವನಿ ಸಪ್ಪಗಿತ್ತು.

"ಛಲೋ ಆತಲ್ಲ?"

"ಏನ್ ಛಲೋ? ಜಗಳಾಡಾಕ ಹೊಸಾ ಸೀರಿ ಉಟ್ಟು ಕುಂತಿದ್ದೆ. ಸಾಹೇಬ್ರು ಬಂದ್ರು, ನೋಡಿದ್ರು, ರೊಟ್ಟಿ ತಿಂದು ಹೋದ್ರು. ಮೊದಲ ರೊಕ್ಕ ತುಂಬೂದು ಮಾತ್ರ ನಾ ಒಲ್ಲೆ ಅಂದೆ. ಹೂಂ ಅಂದ್ರು. ಅದಕ್ಕೂ ಜಗಳಾ ಆಗಲಿಲ್ಲ!"

ಅವಳ ದುಃಖ ನನಗೆ ಅರ್ಥವಾಯಿತು. ನಾನೂ ಹುದ್ದೆ ಕಳೆದುಕೊಂಡವನೇ. ಆ ಸಂಜೆ ಶಾಂತಾಳ ಬಳಿ ಹೋಗಿ, ಬಾಲ್ಕನಿಯಲ್ಲಿ ನನ್ನ ಆರಾಮಕುರ್ಚಿಯ ಮೇಲೊಂದು ಫ್ಯಾನು ಹಾಕಿಸಲೇ ಎಂದು ವಿನಯದಿಂದ ಕೇಳಿದೆ.

"ಬ್ಯಾಡ್ರಿ," ಎಂದಳು.

ಕೇಳುವುದರಲ್ಲಿ ಇರುವ ತೊಂದರೆ ಇದೇ. ವಿದ್ಯುತ್ ಕಚೇರಿಯವರಿಗೆ ಇದು ನನಗಿಂತ ಮೊದಲೇ ಗೊತ್ತಿದ್ದಿರಬೇಕು.