ಸೊನ್ನೆಯ ಮೇಲೆ ನಿಂತ ಮುಳ್ಳು

ದೆವ್ವ, ಗಾಳಿ, ಶಕುನ ಎಂದು ಮಾತೆತ್ತಿದವರನ್ನು ನಾನು ಗೇಲಿ ಮಾಡಿ ಕಳಿಸುತ್ತಿದ್ದ ಕಾಲವೊಂದಿತ್ತು. ಮೋಟಾರು ರಿಪೇರಿ ನನ್ನ ಕಸುಬು, ಅದರಲ್ಲೂ ಕರೆಂಟಿನ ಕೆಲಸ. ಹಗಲು ಹೊತ್ತು ಬರಲು ನಿಮ್ಮ ದೆವ್ವಕ್ಕೇನು ನಾಚಿಕೆಯೇ ಎಂದು ಮಂಡ್ಯದ ಹೋಟೆಲಿನಲ್ಲಿ ಕೂತು ಜನರನ್ನು ಕೆಣಕುತ್ತಿದ್ದೆ. ಈಗ ಹೇಳಲಿರುವುದನ್ನು ನೀವು ನಂಬದಿದ್ದರೆ ನನಗೆ ಕೋಪವಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಆಗ ಯುದ್ಧ ನಡೆಯುತ್ತಿತ್ತು. ಪೆಟ್ರೋಲಿಗೆ ಕೂಪನ್ನು, ಬಿಡಿಭಾಗಗಳಿಗೆ ಪರದಾಟ. ಬಂಡೂರಿನ ಕಡೆಯ ಒಂದು ಹಳ್ಳಿಯ ಪಟೇಲರು, ತಮ್ಮ ಹಳೆಯ ಕಾರಿನ ದೀಪ ಮಂಕಾಗಿದೆ, ಬಂದು ನೋಡು ಎಂದು ಹೇಳಿ ಕಳಿಸಿದ್ದರು. ದೀಪ ಮಂಕಾದರೆ ಎಲ್ಲರೂ ಬಲ್ಬನ್ನು ಬೈಯುತ್ತಾರೆ, ರೋಗ ಇರುವುದು ಬೇರೆ ಕಡೆ. ಬ್ಯಾಟರಿಯ ತುದಿಗಳಿಗೆ ಹಿಡಿದಿದ್ದ ಕಿಲುಬು ಕೆರೆದು ತಂತಿ ಬಿಗಿ ಮಾಡಿದೆ. ಡೈನಮೋ ತಿರುಗಿಸುವ ಬೆಲ್ಟು ಸಡಿಲವಾಗಿರಲಿಲ್ಲ. ಆದರೂ ಎಂಜಿನ್ನು ಜೋರಾಗಿ ಓಡುವಾಗ ಕೂಡ ಆರು ವೋಲ್ಟಿನ ಬ್ಯಾಟರಿಯಲ್ಲಿ ಆರು ಇರಲಿಲ್ಲ. ಡೈನಮೋ ಬಿಚ್ಚಿದ ಮೇಲೆ ಗೊತ್ತಾಯಿತು. ಒಳಗೆ ಕರೆಂಟನ್ನು ಹೊರಕ್ಕೆ ತರುವ ಇದ್ದಿಲಿನ ತುಂಡುಗಳು, ನಾವು ಬ್ರಷ್ಷು ಅನ್ನುತ್ತೇವೆ, ಪೂರಾ ಸವೆದು ಹೋಗಿದ್ದವು. ಡೈನಮೋ ಸುಮ್ಮನೆ ಸುತ್ತುತ್ತಿತ್ತು, ಬ್ಯಾಟರಿಗೆ ಏನೂ ತುಂಬುತ್ತಿರಲಿಲ್ಲ. ಹೊಸ ಬ್ರಷ್ಷು ನನ್ನ ಬಳಿ ಇರಲಿಲ್ಲ. ಬ್ಯಾಟರಿಯಲ್ಲಿ ಉಳಿದಿರುವುದು ಖರ್ಚಾಗುವ ತನಕ ಮಾತ್ರ ಗಾಡಿ ಓಡುತ್ತದೆ, ಬೆಳಗ್ಗೆ ಮಂಡ್ಯಕ್ಕೆ ಕೊಂಡೊಯ್ಯೋಣ ಎಂದು ಪಟೇಲರಿಗೆ ಹೇಳಿ ಕೈ ತೊಳೆದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಕೆಂಪಮ್ಮ ಎಂಬ ಮುದುಕಿ ಓಡಿ ಬಂದಳು. ಅವಳ ಸೊಸೆ ಪುಟ್ಟಿಗೆ ಹಿಂದಿನ ದಿನದಿಂದ ಹೆರಿಗೆ ನೋವು. ಮಗು ಅಡ್ಡವಾಗಿದೆ, ನನ್ನಿಂದಾಗದು ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಮಗ ಕಬ್ಬಿನ ಗಾಡಿ ಹೊಡೆದುಕೊಂಡು ಹೋದವನು ಇನ್ನೂ ಬಂದಿರಲಿಲ್ಲ.

ಪಟೇಲರು ನನ್ನ ಮುಖ ನೋಡಿದರು. "ಮಂಡ್ಯಗಂಟ ಓಯ್ತದೇನ್ಲಾ?"

ಹೋಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಪುಟ್ಟಿಯನ್ನು ಹಿಂದೆ ಮಲಗಿಸಿ, ಲಾಂದ್ರ ಹಿಡಿದು ಕೆಂಪಮ್ಮನೂ ಹತ್ತಿದಳು. ನಾನೇ ಓಡಿಸಲು ಕೂತೆ.

ಮಳವಳ್ಳಿಯ ಡಾಕ್ಟರು ಊರಲ್ಲಿರಲಿಲ್ಲ. ಮದ್ದೂರಿನ ಮೇಲೆ ಮಂಡ್ಯಕ್ಕೇ ಹೋಗಬೇಕಾಯಿತು. ದೊಡ್ಡ ದೀಪ ಆರಿಸಿ ಚಿಕ್ಕದರಲ್ಲೇ ಓಡಿಸಿದೆ. ಬೆಳಕಿಲ್ಲದಿದ್ದರೂ ಹೇಗೋ ತೆವಳಬಹುದು, ಕಿಡಿ ಹುಟ್ಟದಿದ್ದರೆ ಎಂಜಿನ್ನೇ ನಿಲ್ಲುತ್ತದೆ, ಎರಡಕ್ಕೂ ಇದ್ದದ್ದು ಅದೊಂದೇ ಬ್ಯಾಟರಿ. ಲಾಂದ್ರವಿಲ್ಲದ ಕಬ್ಬಿನ ಗಾಡಿಯೊಂದು ನಮ್ಮ ಕಾರಿನ ಮೂತಿಯ ಹತ್ತಿರ ಬಂದ ಮೇಲಷ್ಟೇ ಕಂಡಿತು. ಹಿಂದಿನ ಸೀಟಿನಲ್ಲಿ ಪುಟ್ಟಿ ಕಿರುಚುತ್ತಿದ್ದಳು. ಆಮೇಲೆ ಕಿರುಚುವುದನ್ನೂ ನಿಲ್ಲಿಸಿದಳು. ಅದರಿಂದ ನನಗೆ ಇನ್ನೂ ಹೆಚ್ಚು ದಿಗಿಲಾಯಿತು.

ಕಾಳಮುದ್ದನದೊಡ್ಡಿ ದಾಟಿ ಒಂದು ಕೆರೆ ಏರಿಯ ಮೇಲೆ ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತಿತು. ಹ್ಯಾಂಡಲು ಹಾಕಿ ರಟ್ಟೆ ಬೀಳುವ ತನಕ ತಿರುಗಿಸಿದೆ. ಉಸಿರಿಲ್ಲ. ಹಾರ್ನ್ ಒತ್ತಿದರೆ ಗೊರಕ್ ಎಂದು ಸುಮ್ಮನಾಯಿತು. ಮುಂದಿನ ಸೀಟೆತ್ತಿ, ಕೆಂಪಮ್ಮ ಹಿಡಿದ ಲಾಂದ್ರದ ಬೆಳಕಿನಲ್ಲಿ ಬ್ಯಾಟರಿಗೆ ವೋಲ್ಟು ಅಳೆಯುವ ನನ್ನ ಮೀಟರು ಇಟ್ಟೆ. ನಾಲ್ಕು ವೋಲ್ಟೂ ಇರಲಿಲ್ಲ.

"ಏನಪ್ಪ, ಕೆಟ್ಟೋಯ್ತಾ?" ಎಂದಳು.

"ಬ್ಯಾಟ್ರೀಲಿ ಜೀವ ಇಲ್ಲ ಕಣಮ್ಮ" ಎಂದೆ. ನಮ್ಮ ಕಸುಬಿನವರು ಹೇಳುವುದೇ ಹಾಗೆ. ಚಾರ್ಜು ಇಳಿದಿದೆ ಎಂದಷ್ಟೇ ಅದರ ಅರ್ಥ.

"ಅದ್ಕೆ ಜೀವ ಬೇಕಾ? ಒಸಿ ನಂದ್ರಲ್ಲೇ ತಕೊಳ್ಳಲಿ ಬುಡು" ಎಂದವಳೇ ಲಾಂದ್ರ ಕೆಳಗಿಟ್ಟು, ಜ್ವರ ಬಂದವರ ಹಣೆ ಮುಟ್ಟುವ ಹಾಗೆ ಬ್ಯಾಟರಿಯ ಮೇಲೆ ಅಂಗೈ ಊರಿದಳು.

"ಆಸಿಡ್ಡು ಸುಟ್ಬುಡ್ತದೆ, ತೆಗಿಯಮ್ಮ ಕೈನ!" ಎಂದು ಗದರಿದೆ. ಅವಳು ಅವಸರವಿಲ್ಲದೆ ಕೈ ತೆಗೆದು, ಹಿಂದೆ ಹೋಗಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು.

ಬೇರೆ ದಾರಿ ಕಾಣದೆ ಮತ್ತೆ ಹ್ಯಾಂಡಲು ಎಳೆದೆ. ಒಂದೇ ಎಳೆತಕ್ಕೆ ಎಂಜಿನ್ನು ಹಿಡಿಯಿತು. ದೊಡ್ಡ ದೀಪ ಹಾಕಿದೆ. ಏರಿಯ ಆ ತುದಿಯ ತನಕ ಬೆಳ್ಳಗೆ ಬೆಳಕು ಹರಿಯಿತು. ಸ್ಟೇರಿಂಗಿನ ಮುಂದೆ ಇನ್ನೊಂದು ಮೀಟರಿರುತ್ತದೆ, ಬ್ಯಾಟರಿ ತುಂಬುತ್ತಿದ್ದರೆ ಬಲಕ್ಕೂ ಖರ್ಚಾಗುತ್ತಿದ್ದರೆ ಎಡಕ್ಕೂ ವಾಲುವಂಥದು. ಡೈನಮೋ ಸತ್ತಿದೆ, ದೀಪವೆಲ್ಲ ಉರಿಯುತ್ತಿದೆ, ಮುಳ್ಳು ಪೂರಾ ಎಡಕ್ಕೆ ಬೀಳಬೇಕು. ಅದು ತುಂಬುವುದೂ ಇಲ್ಲ, ಖರ್ಚೂ ಇಲ್ಲ ಎಂಬಂತೆ ಸೊನ್ನೆಯ ಮೇಲೆ ನೆಟ್ಟಗೆ ನಿಂತಿತ್ತು. ಗಾಜನ್ನು ಬೆರಳಿನಿಂದ ತಟ್ಟಿದೆ. ಅಲುಗಲಿಲ್ಲ. ಮದ್ದೂರು ಬಂತು, ಹೋಯಿತು, ಮಂಡ್ಯದ ಆಸ್ಪತ್ರೆಯ ಗೇಟು ಬಂತು, ಮುಳ್ಳು ಅಲ್ಲೇ ಇತ್ತು. ದಾರಿಯುದ್ದಕ್ಕೂ ಹಿಂದಿನ ಸೀಟಿನತ್ತ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಪುಟ್ಟಿ ಬದುಕಿದಳು. ಹೆಣ್ಣು ಮಗುವೂ ಬದುಕಿತು.

ಬೆಳಕು ಹರಿದ ಮೇಲೆ ಕಾರನ್ನು ಆಸ್ಪತ್ರೆಯ ಮರದಡಿಗೆ ತಳ್ಳಿಸಿ ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿದೆ. ಸುಸ್ತಾದ ಬ್ಯಾಟರಿ ಕೊಂಚ ಹೊತ್ತು ಸುಮ್ಮನಿದ್ದರೆ ಒಂದಿಷ್ಟು ಚೇತರಿಸಿಕೊಳ್ಳುತ್ತದೆ, ಅದು ನನಗೂ ಗೊತ್ತು. ಆದರೆ ಅದು ಒಂದೆರಡು ಫರ್ಲಾಂಗಿನ ಮಾತು, ಏರಿಯಿಂದ ಮಂಡ್ಯದ ತನಕ ಅಲ್ಲ. ಡೈನಮೋದ ಬ್ರಷ್ಷು ನಾನು ನೋಡಿದ ಹಾಗೇ ಸವೆದಿತ್ತು. ಸ್ಟೇರಿಂಗಿನ ಮುಂದಿನ ಮೀಟರು ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಬ್ಯಾಟರಿಯಲ್ಲಿ ಒಂದು ಕಿಡಿ ಹಾರಿಸುವಷ್ಟೂ ಇರಲಿಲ್ಲ.

ನನ್ನ ಮೀಟರಿನ ತಂತಿಗಳನ್ನು ಹಿಡಿದು ಹಾಗೇ ಕುಕ್ಕರಗಾಲಲ್ಲಿ ಕೂತಿದ್ದೆ. ಕೆಂಪಮ್ಮ ಬಂದು ಎದುರಿಗೆ ಕೂತಳು. ಮುಖ ಬಾಡಿತ್ತು, ಆದರೆ ರಾತ್ರಿಯೆಲ್ಲ ನಿದ್ದೆಗೆಟ್ಟ ಯಾವ ಮುದುಕಿಯ ಮುಖವಾದರೂ ಹಾಗೇ ಇರುತ್ತದೆ. ನನ್ನ ಕೈಯ ಮೀಟರಿನ ಮುಳ್ಳನ್ನು ಬಗ್ಗಿ ನೋಡಿದಳು. ಆಮೇಲೆ ಅಂಗೈಯನ್ನು ನನ್ನ ಮುಂದೆ ಚಾಚಿದಳು.

"ನಂಗೂ ಒಸಿ ಇಟ್ ನೋಡಪ್ಪ. ಆ ಮಗೀ ನಡ್ಯೋಗಂಟ ಸಾಲ್ತದಾ ಏಳು."

ತಮಾಷೆಯಾಗಿ ಕೇಳಲಿಲ್ಲ. ಅಕ್ಕಿ ಎಷ್ಟು ಉಳಿದಿದೆ ಎಂದು ಕೇಳುವ ಹಾಗೆ ಕೇಳಿದಳು. ನಾನು ತಂತಿಗಳನ್ನು ಸುತ್ತಿ ಜೇಬಿಗೆ ಹಾಕಿಕೊಂಡು, "ಬೇಕಾದಷ್ಟದೆ ಕಣಮ್ಮ" ಎಂದೆ. ಅವಳು ನಂಬಿ, ಮೊಮ್ಮಗಳ ಬಳಿಗೆ ಹೋದಳು.

ಆ ಅಂಗೈಗೆ ತಂತಿ ಇಡುವುದು ಒಂದು ಕ್ಷಣದ ಕೆಲಸ. ಇಟ್ಟಿದ್ದರೆ ಅವಳೂ ನಗುತ್ತಿದ್ದಳೇನೋ, ನಾನೂ ನಗುತ್ತಿದ್ದೆನೇನೋ. ಮುಳ್ಳು ಅಲುಗಿಬಿಟ್ಟರೆ ಏನು ಹೇಳಲಿ ಎಂದು ನನಗೆ ಹೆದರಿಕೆಯಾಯಿತು.